ಜಾಗ ಕೊಟ್ಟೆವು, ಕಾನೂನು ಬರೆಯಲಿಲ್ಲ



ರಾಜಕೀಯ ಕಾರಣಕ್ಕೆ ತಮ್ಮ ದೇಶ ಬಿಟ್ಟು ಓಡಿ ಬಂದವರನ್ನು ಭಾರತ ಸರ್ಕಾರ ಯಾವ ನೀತಿಯ ಪ್ರಕಾರ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ಈ ದತ್ತಿ ಉಪನ್ಯಾಸದ ಇವತ್ತಿನ ವಿಷಯ. ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಸಂಸತ್ತು ಚರ್ಚಿಸಿ ಒಪ್ಪಿದ ಅಂಥ ನೀತಿ ಯಾವುದೂ ಇಲ್ಲ. ಇಷ್ಟು ಹೇಳಿ ಕುಳಿತುಬಿಟ್ಟರೆ ದತ್ತಿಯ ಬಡ್ಡಿಗೆ ದ್ರೋಹ ಬಗೆದಂತಾಗುತ್ತದೆ. ಅದೂ ಅಲ್ಲದೆ, ಬರೆದ ನೀತಿಯಿಲ್ಲದ ಈ ದೇಶ 1959ರಿಂದ ಟಿಬೆಟಿನವರಿಗೆ, 1971ರಲ್ಲಿ ಸುಮಾರು ಒಂದು ಕೋಟಿ ಪೂರ್ವ ಬಂಗಾಳದವರಿಗೆ, 1983ರಿಂದ ಶ್ರೀಲಂಕಾದ ತಮಿಳರಿಗೆ ನೆಲೆ ಕೊಟ್ಟಿದೆ. ಕಾನೂನಿನ ದೊಡ್ಡ ದೊಡ್ಡ ಹೊತ್ತಿಗೆಗಳಿರುವ ಎಷ್ಟೋ ಶ್ರೀಮಂತ ದೇಶಗಳು ಇಷ್ಟು ಮಾಡಿಲ್ಲ. ಹಾಗಾದರೆ ಕಾನೂನು ಯಾಕೆ ಬೇಕು? ದೆಹಲಿಯಲ್ಲಿ ಅಧಿಕಾರದಲ್ಲಿದ್ದವರು, ಪಕ್ಷ ಯಾವುದೇ ಇರಲಿ, ದಶಕಗಳಿಂದ ಕೇಳುತ್ತ ಬಂದಿರುವುದು ಇದನ್ನೇ. ಇದಕ್ಕೆ ಉತ್ತರ ಹುಡುಕಿಕೊಂಡು ನಾವು ದೆಹಲಿಯವರೆಗೆ ಹೋಗಬೇಕಿಲ್ಲ. ಪಿರಿಯಾಪಟ್ಟಣ, ಹುಣಸೂರು, ಮುಂಡಗೋಡು, ಹನೂರು ತಾಲ್ಲೂಕುಗಳ ತನಕ ಹೋದರೆ ಸಾಕು.

ಮೊದಲು ಸ್ವಲ್ಪ ಹಿಂದಕ್ಕೆ. ಬುದ್ಧನ 2500ನೆಯ ಜಯಂತಿಗೆಂದು 1956ರ ಕೊನೆಯಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಲ್ಹಾಸಾಗೆ ಮರಳುವ ಮನಸ್ಸಿಲ್ಲ, ಇಲ್ಲೇ ಉಳಿಯುವ ಯೋಚನೆಯಿದೆ ಎಂದು ನೆಹರೂ ಅವರಲ್ಲಿ ಹೇಳಿಕೊಂಡರು. ಚೀನಾದ ಪ್ರಧಾನಿ ಚೌ ಎನ್‌ಲಾಯ್ ಕೂಡ ಅದೇ ದಿನಗಳಲ್ಲಿ ದೆಹಲಿಗೆ ಬಂದಿದ್ದರು. ಚೀನಾದೊಂದಿಗೆ ಪಂಚಶೀಲ ಒಪ್ಪಂದವಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ನೆಹರೂ ಕೊಟ್ಟ ಸಲಹೆ: ವಾಪಸು ಹೋಗಿ, ಅಲ್ಲಿದ್ದುಕೊಂಡೇ ನಿಮ್ಮ ಕೆಲಸ ಮಾಡಿ. ದಲೈ ಲಾಮಾ ಹೋದರು. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನ ದಂಗೆಯೆದ್ದರು. 17ರ ರಾತ್ರಿ ಅವರು ವೇಷ ಮರೆಸಿಕೊಂಡು ಅರಮನೆ ಬಿಟ್ಟರು. 31ರಂದು ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಈ ಸಲ ಅದೇ ನೆಹರೂ ಬರಮಾಡಿಕೊಂಡರು, ಏಪ್ರಿಲ್‌ನಲ್ಲಿ ತಾವೇ ಮಸ್ಸೂರಿಗೆ ಹೋಗಿ ಭೇಟಿಯಾದರು.

ಕೇಳಿದವರು ಅದೇ ದಲೈ ಲಾಮಾ, ಉತ್ತರಿಸಿದವರು ಅದೇ ನೆಹರೂ. ಎರಡೂವರೆ ವರ್ಷದಲ್ಲಿ ಎರಡು ಉತ್ತರ. ನಡುವೆ ಭಾರತದ ಕಾನೂನಿನಲ್ಲಿ ಆಶ್ರಯದ ಬಗ್ಗೆ ಒಂದು ಅಕ್ಷರವೂ ಸೇರಿರಲಿಲ್ಲ. ನೆಹರೂ ಅವರನ್ನು ದೂರಲು ನಾನಿದನ್ನು ಹೇಳುತ್ತಿಲ್ಲ. 1956ರ ಸಲಹೆಗೂ ಆ ಹೊತ್ತಿನಲ್ಲಿ ಕಾರಣಗಳಿದ್ದವು, 1959ರ ನಿರ್ಧಾರಕ್ಕೆ ಧೈರ್ಯ ಬೇಕಿತ್ತು. ಆ ವರ್ಷ ಮುಗಿಯುವುದರೊಳಗೆ ಚೀನಾ ಗಡಿಯ ಲಾಂಗ್‌ಜು ಮತ್ತು ಕೊಂಗ್ಕಾ ಕಣಿವೆಯ ಹತ್ತಿರ ಗುಂಡು ಹಾರಿತು, ಮೂರು ವರ್ಷದಲ್ಲಿ ಯುದ್ಧವೇ ಬಂತು. ಆದರೆ ಆ ನಿರ್ಧಾರ ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಆಯಿತು, ಕಾನೂನಿನ ಯಾವ ಕಲಮಿನ ಅಡಿಯಲ್ಲೂ ಆಗಲಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

ಆಗ ನಮ್ಮಲ್ಲಿದ್ದದ್ದು ಬ್ರಿಟಿಷರು ಹೋಗುವ ಮುಂಚಿನ ವರ್ಷ ಮಾಡಿಟ್ಟ 1946ರ ವಿದೇಶಿಯರ ಕಾಯ್ದೆ. ಅದರ ಕಣ್ಣಿಗೆ ಭಾರತದ ನಾಗರಿಕನಲ್ಲದವನೆಲ್ಲ ವಿದೇಶಿ. ಹಂಪಿ ನೋಡಲು ಬಂದ ಪ್ರವಾಸಿ, ಕದ್ದು ಬಂದ ಗೂಢಚಾರ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಕಣಿವೆ ದಾಟಿದ ತಾಯಿ, ಮೂವರೂ ಒಂದೇ ಸಾಲಿನವರು. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆಯೂ ಆ ವ್ಯಕ್ತಿಯ ಮೇಲೆಯೇ. ಯಾರನ್ನು ಬಿಟ್ಟುಕೊಳ್ಳಬೇಕು, ಯಾರನ್ನು ಹೊರಗಟ್ಟಬೇಕು ಎಂಬುದು ಸರ್ಕಾರದ ಇಷ್ಟ. 1955ರಲ್ಲಿ ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ, ವಿದೇಶಿಯರನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರಕ್ಕೆ ಕಟ್ಟುಪಾಡಿಲ್ಲ ಎಂದೇ ಹೇಳಿತು. 2025ರಲ್ಲಿ ಈ ಹಳೆಯ ಕಾಯ್ದೆ ಹೋಗಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ನಾಲ್ಕು ಹಳೆಯ ಕಾಯ್ದೆಗಳನ್ನು ಅದು ನುಂಗಿಕೊಂಡಿತು. ನಿರಾಶ್ರಿತ ಎಂದರೆ ಯಾರು ಎಂಬ ವ್ಯಾಖ್ಯೆ ಮಾತ್ರ ಅದರಲ್ಲೂ ಇಲ್ಲ. ಯಾರಿಗೆ ವಿನಾಯಿತಿ ಎಂಬುದನ್ನು ಸರ್ಕಾರ ಆದೇಶ ಹೊರಡಿಸಿ ಹೇಳುತ್ತದೆ, ಇನ್ನೊಂದು ಆದೇಶದಲ್ಲಿ ಅದನ್ನು ಹಿಂತೆಗೆದುಕೊಳ್ಳಬಹುದು.

ದಲೈ ಲಾಮಾ ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಇವರನ್ನು ಎಲ್ಲಿಡುವುದು? ಆಚಾರ್ಯ ಕೃಪಲಾನಿಯವರ ಮುಂದಾಳತ್ವದಲ್ಲಿ ಪರಿಹಾರ ಸಮಿತಿಯಾಯಿತು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳೆದ್ದವು. ಬಂಗಾಳದ ಬಕ್ಸಾ ಕೋಟೆಯಲ್ಲಿ, ಒಂದು ಕಾಲಕ್ಕೆ ಬ್ರಿಟಿಷರು ಬಂಗಾಳಿ ಕ್ರಾಂತಿಕಾರಿಗಳನ್ನು ಕೂಡಿಹಾಕಿದ್ದ ಕೋಣೆಗಳಲ್ಲಿ, ಬೌದ್ಧ ಭಿಕ್ಷುಗಳು ಶಾಸ್ತ್ರಪಾಠ ಮುಂದುವರಿಸಿದರು. ಕ್ಷಯ ಅವರಲ್ಲಿ ಎಷ್ಟೋ ಜನರನ್ನು ತೆಗೆದುಕೊಂಡುಹೋಯಿತು. ಕೈಕಾಲು ಗಟ್ಟಿಯಿದ್ದವರನ್ನು ಹಿಮಾಲಯದ ರಸ್ತೆ ಕಡಿಯಲು ಹಚ್ಚಿದರು. ಗುಡ್ಡ ಕುಸಿದು ಸತ್ತವರಿದ್ದರು. ಎತ್ತರದ ಚಳಿಯ ನಾಡಿನವರು ಅಸ್ಸಾಮಿನ ಸೆಖೆಯಲ್ಲಿ ಬದುಕುವುದು ಕಷ್ಟ ಎನ್ನುವುದು ಬೇಗನೆ ತಿಳಿಯಿತು. ಆಗ ನೆಹರೂ ರಾಜ್ಯಗಳಿಗೆ ಪತ್ರ ಬರೆದು, ಯಾರಲ್ಲಿ ಜಾಗವಿದೆ ಎಂದು ಕೇಳಿದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಡಲು ಮುಂದೆ ಬಂತು.

ಇಲ್ಲಿ ಒಂದು ಸಣ್ಣ ಇತಿಹಾಸದ ಜಗಳ ಎತ್ತುತ್ತೇನೆ, ಕ್ಷಮಿಸಬೇಕು. ಈ ಔದಾರ್ಯದ ಹೆಸರು ಎಲ್ಲೆಡೆ ಎಸ್. ನಿಜಲಿಂಗಪ್ಪನವರ ಖಾತೆಯಲ್ಲಿದೆ. ದಲೈ ಲಾಮಾ ಕರ್ನಾಟಕಕ್ಕೆ ಬಂದಾಗಲೆಲ್ಲ ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಪಂಚಾಂಗ ತೆರೆದು ನೋಡಿದರೆ, ನಿಜಲಿಂಗಪ್ಪನವರು 1958ರ ಮೇನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟವರು ಮತ್ತೆ ಬಂದದ್ದು 1962ರ ಜೂನ್‌ನಲ್ಲಿ. ಮೊದಲ ತಂಡ ಬೈಲಕುಪ್ಪೆಗೆ ಬಂದಿಳಿದ 1960ರ ಡಿಸೆಂಬರಿನಲ್ಲಿ ಆ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರ ಪಾಲನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಮುಂಡಗೋಡಿನ ನೆಲೆ ರೂಪುಗೊಂಡದ್ದು ಅವರ ಎರಡನೆಯ ಅವಧಿಯಲ್ಲೇ, ರಾಜ್ಯದ ರಾಜಕಾರಣದಲ್ಲಿ ಅವರ ಮಾತಿಗೆ ಕುರ್ಚಿಯಿಲ್ಲದಾಗಲೂ ತೂಕವಿತ್ತು. ಆದರೆ ಜತ್ತಿಯವರ ಹೆಸರನ್ನು ನಾವು ಪೂರ್ತಿಯಾಗಿ ಮರೆತಿದ್ದೇವೆ. ಔದಾರ್ಯ ಕಾನೂನಿನ ಮೂಲಕ ನಡೆದಿದ್ದರೆ ಗೆಜೆಟ್ಟಿನಲ್ಲಿ ಸಹಿ ಉಳಿಯುತ್ತಿತ್ತು. ಪತ್ರದಲ್ಲಿ, ಭೇಟಿಯಲ್ಲಿ, ಒಳ್ಳೆಯ ಮನಸ್ಸಿನಲ್ಲಿ ನಡೆದದ್ದನ್ನು ಜನ ಯಾರು ನೆನಪಿದ್ದಾರೋ ಅವರ ಹೆಸರಿಗೆ ಬರೆದುಬಿಡುತ್ತಾರೆ.

ಬೈಲಕುಪ್ಪೆ ಇವತ್ತು ಮಡಿಕೇರಿಗೆ ಹೋಗುವ ಪ್ರವಾಸಿಗಳು ಕುಶಾಲನಗರ ಸೇರುವ ಮುಂಚೆ ಇಳಿದು ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹೋಗುವ ಜಾಗ. 1960ರಲ್ಲಿ ಅದು ಕುರುಚಲು ಕಾಡು. ಮೊದಲು ಬಂದವರು ಡೇರೆಗಳಲ್ಲಿದ್ದು ಕಾಡು ಕಡಿದು ಸುಟ್ಟರು. ರಾತ್ರಿ ಆನೆ ಬರುತ್ತಿತ್ತು. ಬಾರ್ಲಿ ಮತ್ತು ಯಾಕ್ ಬಿಟ್ಟರೆ ಬೇರೆ ಕೃಷಿ ಕಾಣದವರು ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಭೂಮಿ ಹಂಚಿದ್ದು ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ. ಜನರನ್ನು ಚದುರಿಸದೆ ಒಂದೇ ಕಡೆ, ಕ್ಯಾಂಪು ಕ್ಯಾಂಪಾಗಿ ಕೂರಿಸಿದರು. ಕ್ಯಾಂಪಿಗೊಬ್ಬ ಮುಖಂಡ, ಎಲ್ಲಕ್ಕೂ ಸೇರಿ ಒಂದು ಸಹಕಾರ ಸಂಘ, ಸಂಘಕ್ಕೆ ಟ್ರಾಕ್ಟರ್. ಟಿಬೆಟಿನ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು, ಅವರ ಭಾಷೆ ಉಳಿಯಬೇಕು ಎಂದು ನೆಹರೂ ಹಟ ಹಿಡಿದು 1961ರಲ್ಲಿ ಅದಕ್ಕೊಂದು ಸೊಸೈಟಿ ಮಾಡಿಸಿದರು. ಕೇಂದ್ರದ ಹಣ, ವಿದೇಶಿ ನೆರವು, ರಾಜ್ಯದ ಭೂಮಿ, ಇವು ಮೂರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬಂದವು. ಸರ್ಕಾರಿ ಕೆಲಸದಲ್ಲಿ ಇದು ಎಷ್ಟು ಅಪರೂಪ ಎಂದು ಈ ಸಭೆಯಲ್ಲಿರುವ ನಿವೃತ್ತ ತಹಶೀಲ್ದಾರರು ಹೇಳಬಲ್ಲರು. ಜೋಳದ ಕೊಯ್ಲು ಮುಗಿದ ಮೇಲೆ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದನ್ನು ಅವರೇ ಕಂಡುಕೊಂಡರು. ಆ ಮಾರಾಟವೇ ಎಷ್ಟೋ ಮನೆಗಳನ್ನು ನಿಲ್ಲಿಸಿತು. ನಮ್ಮ ಊರುಗಳಲ್ಲಿ ಸಂತೆಯ ಮೂಲೆಯ ಆ ಸ್ವೆಟರ್ ಅಂಗಡಿ ಕಾಣದವರು ಯಾರಿದ್ದಾರೆ?

ನಂತರ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಸುಮಾರು 4,000 ಎಕರೆಯ ನೆಲೆ, ಬೈಲಕುಪ್ಪೆಯಲ್ಲೇ ಎರಡನೆಯದು, ಹುಣಸೂರಿನ ಗುರುಪುರದಲ್ಲಿ ಒಂದು, ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ, ಈಗ ಹನೂರಿಗೆ ಸೇರಿದ ಒಡೆಯರಪಾಳ್ಯದಲ್ಲಿ ಒಂದು, ಹೀಗೆ ಒಟ್ಟು ಐದಾದವು. ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳೂ ದಕ್ಷಿಣಕ್ಕೆ ಬಂದರು. ಲ್ಹಾಸಾದ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು. ಮುಂಡಗೋಡಿನವರಿಗೆ ಅದು ಸರಳವಾಗಿ ಲಾಮಾ ಕ್ಯಾಂಪು.

ಈ ಕೆಲಸಕ್ಕಾಗಿಯೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರಿನಲ್ಲೇ ಮೈಸೂರು, ಪುನರ್ವಸತಿ ಎರಡೂ ಇವೆ. ಟಿಬೆಟಿನವರನ್ನು ನೆಲೆಗೊಳಿಸಿದ ಅನುಭವ ಹೊತ್ತು ಅದು ನಂತರ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿದ ಮೊದಲಿಗರಲ್ಲಿ ಅದೂ ಒಂದು, ನಬಾರ್ಡ್ ಆ ಪ್ರಯೋಗಕ್ಕೆ ದುಡ್ಡು ಕೊಟ್ಟು ದೇಶಕ್ಕೆಲ್ಲ ಹಬ್ಬಿಸಿತು. ನಿರಾಶ್ರಿತರು ಬಂದರೆ ನಮಗೇನು ಲಾಭ ಎಂದು ಕೇಳುವವರಿಗೆ ಈ ಒಂದು ಎಳೆ ಹಿಡಿದು ತೋರಿಸಬಹುದು. ಲಾಭದ ಲೆಕ್ಕದಲ್ಲಿ ಈ ವಿಷಯ ಮಾತಾಡುವುದು ನನಗೆ ಅಷ್ಟು ಇಷ್ಟವಿಲ್ಲ, ಆದರೂ ಕೇಳುವವರಿದ್ದಾರೆ.

ಅದಕ್ಕಿಂತ ಕಟುವಾದ ಪ್ರಶ್ನೆ ಇನ್ನೊಂದಿದೆ, ಹುಣಸೂರು ಕಡೆಯವರು ಅದನ್ನು ಕೇಳಿಯೇ ಕೇಳುತ್ತಾರೆ. ಹಿಮಾಲಯದಾಚೆಯಿಂದ ಬಂದವರಿಗೆ ಕಾಡು ಕಡಿದು ಭೂಮಿ ಕೊಟ್ಟಿರಿ. ಅದೇ ಕಾಡಿನಲ್ಲಿ ಹುಟ್ಟಿದ ಜೇನುಕುರುಬರನ್ನು, ಎರವರನ್ನು, ಸೋಲಿಗರನ್ನು ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಹೊರಗೆ ಕಳಿಸಿದಿರಲ್ಲ? ಪ್ರಶ್ನೆ ನ್ಯಾಯವಾದದ್ದು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ನಾಗರಹೊಳೆಯಿಂದ ಒಕ್ಕಲೆಬ್ಬಿಸಿದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತ್ತು. ಅವರಲ್ಲಿ ಬಹುಪಾಲು ಜನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಹಾಡಿಯ ಅಂಚುಗಳಲ್ಲಿ ಕೂಲಿಗಳಾಗಿ ಉಳಿದುಬಿಟ್ಟರು. ಟಿಬೆಟಿನವರಿಗೆ ಕೊಟ್ಟದ್ದರಿಂದ ಇವರಿಗೆ ತಪ್ಪಿತು ಎಂದು ಹೇಳುವ ರಾಜಕಾರಣಿಗಳಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಒಂದು ಸಮುದಾಯವನ್ನು ಒಡೆಯದೆ, ಅದರ ಭಾಷೆ ಕೆಡಿಸದೆ, ಭೂಮಿ, ಶಾಲೆ, ಸಂಘ ಕೊಟ್ಟು ಕೂರಿಸುವುದು ಹೇಗೆಂದು ಈ ರಾಜ್ಯಕ್ಕೆ 1960ರಿಂದಲೇ ಗೊತ್ತಿತ್ತು, ಅದೇ ತಾಲ್ಲೂಕಿನಲ್ಲಿ ಮಾಡಿ ತೋರಿಸಿತ್ತು. ಆದಿವಾಸಿಗಳ ವಿಷಯದಲ್ಲಿ ಅದನ್ನು ಮಾಡಲಿಲ್ಲ ಎಂದರೆ ವಿದ್ಯೆಯಿಲ್ಲದೆ ಅಲ್ಲ, ಮನಸ್ಸಿಲ್ಲದೆ. ಇಬ್ಬರಿಗೂ ಸಿಕ್ಕಿದ್ದು ಸರ್ಕಾರದ ಮರ್ಜಿಯೇ. ಒಬ್ಬರ ಪಾಲಿಗೆ ಅದು ಒಲಿಯಿತು, ಇನ್ನೊಬ್ಬರ ಪಾಲಿಗೆ ಮುನಿಯಿತು.

ಮರ್ಜಿಯ ಗುಣವೇ ಇದು. ಒಬ್ಬನಿಗೆ ಒಲಿದರೆ ಪಕ್ಕದವನಿಗೂ ಒಲಿಯಬೇಕೆಂಬ ನಿಯಮವಿಲ್ಲ. 1960ರ ದಶಕದಲ್ಲಿ ಪೂರ್ವ ಪಾಕಿಸ್ತಾನದ ಕಪ್ತಾಯಿ ಅಣೆಕಟ್ಟಿನಿಂದ ಭೂಮಿ ಕಳೆದುಕೊಂಡು, ಕಿರುಕುಳ ತಾಳದೆ ಓಡಿ ಬಂದ ಚಕ್ಮಾ ಜನರನ್ನು ಈಗಿನ ಅರುಣಾಚಲದಲ್ಲಿ ಕೂರಿಸಿದ್ದು ಕೇಂದ್ರವೇ. ಅಲ್ಲಿನ ವಿದ್ಯಾರ್ಥಿ ಸಂಘಟನೆಗಳು ಅವರನ್ನು ಓಡಿಸಲು ಗಡುವು ಕೊಟ್ಟಾಗ 1996ರಲ್ಲಿ ಸುಪ್ರೀಂ ಕೋರ್ಟ್ ನಡುವೆ ಬರಬೇಕಾಯಿತು: ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆ ನಾಗರಿಕರಿಗಷ್ಟೇ ಸೀಮಿತವಲ್ಲ ಎಂದಿತು. ಶ್ರೀಲಂಕಾದ ತಮಿಳರನ್ನು 1983ರಲ್ಲಿ ತಮಿಳುನಾಡು ಅಪ್ಪಿಕೊಂಡಿತು, 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಅದೇ ಜನರತ್ತ ಪೊಲೀಸರ ಕಣ್ಣು ಬದಲಾಯಿತು. ಶಿಬಿರಗಳಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾಗಳ ವಿಷಯದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಗಡೀಪಾರಾಗದೆ ಇರುವ ಹಕ್ಕು ನಾಗರಿಕರ ವಾಸದ ಹಕ್ಕಿಗೆ ಅಂಟಿಕೊಂಡದ್ದು ಎಂದು ಹೇಳಿ, ಕ್ರಮ ಪ್ರಕಾರ ಕಳಿಸಬಹುದು ಎಂದಿತು. ಹೋದ ಕಡೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಯೇ ನಿರಾಶ್ರಿತನ ಇಡೀ ಪ್ರಶ್ನೆ. ಅದನ್ನು ಕೇಳಲು ಒಂದು ಕಲಮು ಬೇಕು, ಅದು ನಮ್ಮಲ್ಲಿಲ್ಲ.

ಅದೇ ವರ್ಷ ಮಿಜೋರಾಮಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಚಿನ್ ಜನ ಗಡಿ ದಾಟಿ ಬಂದರು. ಮಿಜೋ ಜನರಿಗೆ ಅವರು ರಕ್ತಸಂಬಂಧಿಗಳು. 2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯದ ನಾಲ್ಕು ರಾಜ್ಯಗಳಿಗೆ ಪತ್ರ ಬರೆದು, ಯಾರಿಗೂ ನಿರಾಶ್ರಿತ ಸ್ಥಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲ, ಬರುವವರನ್ನು ತಡೆಯಿರಿ ಎಂದಿತು. ವಾರದ ಬಳಿಕ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೆ ಬರೆದು, ಇದನ್ನು ಒಪ್ಪಲಾರೆವು ಎಂದರು. ಹಳ್ಳಿಗಳು, ಚರ್ಚುಗಳು ಬಂದವರನ್ನು ಉಣಿಸಿದವು. ಸಂವಿಧಾನದ ಪ್ರಕಾರ ಕೇಂದ್ರದ ಮಾತು ಸರಿ. ವಿದೇಶಿಯರು, ಅವರ ಪ್ರವೇಶ, ಉಚ್ಚಾಟನೆ, ಎಲ್ಲವೂ ಕೇಂದ್ರ ಪಟ್ಟಿಯ ವಿಷಯಗಳು. ಆದರೆ ಭೂಮಿ ರಾಜ್ಯ ಪಟ್ಟಿಯಲ್ಲಿದೆ. ಬಾಗಿಲ ಕೀಲಿ ದೆಹಲಿಯಲ್ಲಿ, ಅಂಗಳ ಇಲ್ಲಿ. 1960ರಲ್ಲಿ ದೆಹಲಿ ಕೇಳಿತು, ಮೈಸೂರು ಕೊಟ್ಟಿತು. 2021ರಲ್ಲಿ ಮಿಜೋರಾಂ ಕೊಡುತ್ತೇನೆಂದಿತು, ದೆಹಲಿ ಬೇಡವೆಂದಿತು. ನಿರಾಶ್ರಿತರ ವಿಷಯಕ್ಕೆಂದು ಎರಡು ಸರ್ಕಾರಗಳು ಕುಳಿತು ಮಾತಾಡಲು ಯಾವ ವ್ಯವಸ್ಥೆಯೂ ಆಗಲೂ ಇರಲಿಲ್ಲ, ಈಗಲೂ ಇಲ್ಲ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಈ ಕೊರತೆಯನ್ನು ತುಂಬಿತು ಎನ್ನುವವರಿದ್ದಾರೆ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ಅದು ಪೌರತ್ವದ ದಾರಿ ತೆರೆಯಿತು. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ದಶಕಗಳಿಂದ ಭತ್ತ ಬೆಳೆಯುತ್ತಿರುವ ಬಂಗಾಳಿ ಕುಟುಂಬಗಳಲ್ಲಿ ಕೆಲವರಿಗೆ 2024ರಲ್ಲಿ ಪ್ರಮಾಣಪತ್ರ ಸಿಕ್ಕಿತು. ಅವರಿಗೆ ಇದು ಎಂದೋ ಸಿಗಬೇಕಿತ್ತು, ಸಿಕ್ಕಿದ್ದು ಒಳ್ಳೆಯದೇ. ಆದರೆ ಆ ಕಾಯ್ದೆಯ ಜರಡಿ ದೇಶ ಮತ್ತು ಧರ್ಮದ್ದು. ಬೌದ್ಧರ ಹೆಸರು ಅದರಲ್ಲಿದೆ, ಚೀನಾದ ಹೆಸರಿಲ್ಲ, ಹೀಗಾಗಿ ಬೈಲಕುಪ್ಪೆಯ ಬೌದ್ಧರು ಹೊರಗೆ. ಹಿಂದೂಗಳ ಹೆಸರಿದೆ, ಶ್ರೀಲಂಕಾದ ಹೆಸರಿಲ್ಲ, ಹೀಗಾಗಿ ತಮಿಳುನಾಡಿನ ಶಿಬಿರಗಳ ಹಿಂದೂಗಳೂ ಹೊರಗೆ. ಕಾಬೂಲಿನಲ್ಲಿ ತಾಲಿಬಾನಿಗೆ ಹೆದರಿದ ಮುಸ್ಲಿಂ ಪತ್ರಕರ್ತೆಯ ಮಾತಂತೂ ಬರುವುದೇ ಇಲ್ಲ. ಅಟ್ಟಿಸಿಕೊಂಡು ಬಂದ ಭಯ ನಿಜವೇ ಎಂದು ಕೇಳುವ ಬದಲು ಯಾವ ದೇಶ, ಯಾವ ದೇವರು ಎಂದು ಕೇಳುವುದು ನಿರಾಶ್ರಿತರ ಕಾನೂನಾಗಲಾರದು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಮೈಸೂರು, ಧಾರವಾಡಗಳಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಎದುರಿಸಿದ್ದು ಈ ಶೂನ್ಯವನ್ನೇ. ವೀಸಾ ಮುಗಿಯುತ್ತದೆ, ಮನೆಗೆ ಹೋಗುವಂತಿಲ್ಲ, ಇಲ್ಲಿ ಏನಾಗಿ ಉಳಿಯಬೇಕೆಂದು ಹೇಳುವವರಿಲ್ಲ.

ಇನ್ನು ನಮ್ಮಲ್ಲೇ ಹುಟ್ಟಿದ ಮಕ್ಕಳ ಕಥೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನ ತನಕ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಕಲಮು ಸ್ಪಷ್ಟವಾಗಿದೆ. ಆದರೂ ಬೈಲಕುಪ್ಪೆಯಲ್ಲಿ ಹುಟ್ಟಿದವರ ಕೈಗೆ ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶಿ ನೋಂದಣಿ ಪತ್ರ, ಅಲ್ಲಿನವರ ಮಾತಿನಲ್ಲಿ ಆರ್‌ಸಿ. ಹೊರದೇಶಕ್ಕೆ ಹೋಗಲು ಹಳದಿ ರಟ್ಟಿನ ಗುರುತುಪತ್ರ. 2010ರಲ್ಲಿ ದೆಹಲಿ ಹೈಕೋರ್ಟ್ ಇಂಥವರು ಭಾರತೀಯರೇ ಎಂದಿತು. 2013ರಲ್ಲಿ ನಮ್ಮ ಹೈಕೋರ್ಟ್, ಮುಂಡಗೋಡಿನ ಡ್ರೆಪುಂಗ್ ವಿಹಾರದ ಲಿಂಗ್ ರಿನ್ಪೋಚೆಯವರ ಅರ್ಜಿಯಲ್ಲಿ ಅದನ್ನೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಮತಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ಪಾಸ್‌ಪೋರ್ಟ್ ಕೊಡಲೇಬೇಕು ಎಂದು ಮತ್ತೆ ದೆಹಲಿ ಹೈಕೋರ್ಟ್. ಇಷ್ಟಾದ ಮೇಲೆ 2017ರಲ್ಲಿ ಷರತ್ತುಗಳು ಬಂದವು: ಆರ್‌ಸಿ ಮರಳಿಸಿ, ಕ್ಯಾಂಪಿನಲ್ಲಿ ವಾಸವಿರುವಂತಿಲ್ಲ, ನಿರಾಶ್ರಿತರ ಸವಲತ್ತು ಕೇಳುವಂತಿಲ್ಲ. ಅಂದರೆ ಪಾಸ್‌ಪೋರ್ಟ್ ಬೇಕಾದರೆ ಅಪ್ಪ ಕಾಡು ಕಡಿದು ಕಟ್ಟಿದ ಮನೆ ಬಿಡಬೇಕು. ನ್ಯಾಯಾಲಯ ಮುಂಬಾಗಿಲಲ್ಲಿ ಕೊಟ್ಟದ್ದನ್ನು ಸುತ್ತೋಲೆ ಹಿತ್ತಿಲಲ್ಲಿ ಕಸಿಯಿತು.

ಎಲ್ಲ ಟಿಬೆಟಿನವರಿಗೂ ಪೌರತ್ವ ಬೇಕಿದೆ ಎಂದೂ ತಿಳಿಯಬಾರದು. ಭಾರತೀಯರಾಗಿಬಿಟ್ಟರೆ ಹಿಂದಿರುಗುವ ಹೋರಾಟ ಸಡಿಲವಾಗುತ್ತದೆ ಎಂಬ ಅಳುಕು ಹಿರಿಯರಿಗಿದೆ. ಕಿರಿಯರು ಅಮೆರಿಕ, ಕೆನಡಾಗಳತ್ತ ನೋಡುತ್ತಾರೆ. 1990ರ ಕಾನೂನಿನಲ್ಲಿ ಅಮೆರಿಕ ಭಾರತ, ನೇಪಾಳದ ಒಂದು ಸಾವಿರ ಟಿಬೆಟಿನವರಿಗೆ ವೀಸಾ ಕೊಟ್ಟಾಗ ಶುರುವಾದ ಹರಿವು ಇದು. ಕ್ಯಾಂಪುಗಳಲ್ಲಿ ಬೀಗ ಹಾಕಿದ ಮನೆಗಳು, ಮಕ್ಕಳು ಕಡಿಮೆಯಾದ ಶಾಲೆಗಳು ಈಗ ಸಾಮಾನ್ಯ. ಹೊಲಗಳಲ್ಲಿ ದುಡಿಯುವವರು ಬಹುಮಟ್ಟಿಗೆ ಸುತ್ತಲ ಹಳ್ಳಿಯ ನಮ್ಮವರೇ. ನೆಲೆ ಕೊಟ್ಟವರು ನಾವು, ನೆಲೆಯೂರಲು ಬೇಕಾದ ಭರವಸೆ ಕೊಟ್ಟದ್ದು ಮಾತ್ರ ಬೇರೆಯವರು.

ಸರ್ಕಾರದ ಕಡೆಯ ವಾದವನ್ನೂ ಮರ್ಯಾದೆಯಿಂದ ಕೇಳಬೇಕು. ನಿರಾಶ್ರಿತರ ಕುರಿತ 1951ರ ಜಿನೀವಾ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ, 1967ರ ಪೂರಕ ಒಪ್ಪಂದಕ್ಕೂ ಇಲ್ಲ. ದೇಶ ವಿಭಜನೆಯಲ್ಲಿ ಲಕ್ಷಾಂತರ ಜನ ಬೀದಿಗೆ ಬಿದ್ದಿದ್ದಾಗ ಯೂರೋಪಿನ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪತ್ರವದು. ಶೀತಲ ಸಮರದ ಅಸ್ತ್ರ ಎಂಬ ಅನುಮಾನವೂ ನಮ್ಮವರಿಗಿತ್ತು. ಸುತ್ತಲ ದೇಶಗಳೆಲ್ಲ ಸದಾ ಕುದಿಯುತ್ತಿರುವಾಗ ಕೈ ಕಟ್ಟಿಸಿಕೊಳ್ಳಬಾರದು, ಒಬ್ಬನಿಗೆ ಬಹಿರಂಗವಾಗಿ ಆಶ್ರಯ ಎಂದರೆ ಅವನ ದೇಶದ ಸರ್ಕಾರಕ್ಕೆ ಬಹಿರಂಗ ಅವಮಾನ, ಸುಮ್ಮನೆ ಇರಗೊಟ್ಟರೆ ಎರಡೂ ಕಡೆ ಮಾನ ಉಳಿಯುತ್ತದೆ ಎನ್ನುತ್ತಾರೆ. 2024ರ ಆಗಸ್ಟ್ 5ರಂದು ಢಾಕಾದಿಂದ ಬಂದಿಳಿದ ಬಾಂಗ್ಲಾದೇಶದ ಪದಚ್ಯುತ ಪ್ರಧಾನಿ ಶೇಖ್ ಹಸೀನಾ ಅವರನ್ನು ಇಟ್ಟುಕೊಂಡ ರೀತಿ ಈ ಜಾಣತನದ ಮಾದರಿ. ಆದರೆ ಈ ಜಾಣತನ ಪ್ರಧಾನಿಗಳಿಗೆ, ಧರ್ಮಗುರುಗಳಿಗೆ ಒದಗುತ್ತದೆ. ಹೆಸರಿಲ್ಲದವರಿಗೆ ಒದಗುವುದು ಠಾಣೆ. ಗುರುಗಳಿಗೂ ಅದು ಯಾವಾಗಲೂ ಒಂದೇ ಥರ ಇರುವುದಿಲ್ಲ. 2018ರಲ್ಲಿ ದೇಶಭ್ರಷ್ಟತೆಯ ಅರುವತ್ತನೆಯ ವರ್ಷಕ್ಕೆ ಟಿಬೆಟಿನವರು ದೆಹಲಿಯಲ್ಲಿ ಭಾರತಕ್ಕೆ ಧನ್ಯವಾದ ಹೇಳಲು ಹೊರಟರು. ಚೀನಾದೊಂದಿಗೆ ಸಂಬಂಧ ಸೂಕ್ಷ್ಮವಾಗಿದೆ, ನಾಯಕರೂ ಅಧಿಕಾರಿಗಳೂ ದೂರವಿರಿ ಎಂಬ ಸೂಚನೆ ಹೋಯ್ತು. ಸಮಾರಂಭ ಹಿಮಾಚಲದ ಧರ್ಮಶಾಲಾಕ್ಕೆ ಸರಿಯಿತು. ಅದೇ ವರ್ಷ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಭೆಯಾದಾಗ ಮುಖ್ಯಮಂತ್ರಿ ಕುಮಾರಸ್ವಾಮಿ ವೇದಿಕೆಯ ಮೇಲಿದ್ದರು. ಯಾರಿಗೂ ಏನೂ ಆಗಲಿಲ್ಲ.

ಭದ್ರತೆಯ ಮಾತು ಬಂದೇ ಬರುತ್ತದೆ. ನಿರಾಶ್ರಿತರ ವೇಷದಲ್ಲಿ ಯಾರು ಬರುತ್ತಾರೋ? ಕಾನೂನು ಇದ್ದರೆ ಬಂದವನು ತಾನಾಗಿ ಬಂದು ಹೆಸರು ಬರೆಸುತ್ತಾನೆ. ಇಲ್ಲದಿದ್ದರೆ ಅಡಗುತ್ತಾನೆ, ದಲ್ಲಾಳಿಗೆ ದುಡ್ಡು ಕೊಟ್ಟು ಸುಳ್ಳು ಆಧಾರ್ ಮಾಡಿಸಿಕೊಳ್ಳುತ್ತಾನೆ. ಯಾವುದು ದೇಶಕ್ಕೆ ಸುರಕ್ಷಿತ ಎಂಬುದನ್ನು ಹೇಳಲು ಪೊಲೀಸ್ ತರಬೇತಿ ಬೇಕಿಲ್ಲ.

ಕರಡುಗಳಿಗೆ ಬರವಿಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1990ರ ದಶಕದಲ್ಲೇ ಒಂದು ಮಾದರಿ ಕಾನೂನು ಸಿದ್ಧಪಡಿಸಿಕೊಟ್ಟರು. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಯಾವುದೂ ಕಾಯ್ದೆಯಾಗಲಿಲ್ಲ. 2011ರಿಂದ ಗೃಹ ಸಚಿವಾಲಯದ ಒಂದು ಕಾರ್ಯವಿಧಾನ ಇದೆ. ಕಿರುಕುಳದ ಭಯ ನಿಜವೆಂದು ಕಂಡರೆ ದೀರ್ಘಾವಧಿ ವೀಸಾ ಕೊಡಬಹುದು, ಆ ವ್ಯಕ್ತಿ ಖಾಸಗಿ ವಲಯದಲ್ಲಿ ಕೆಲಸ ಮಾಡಬಹುದು ಎನ್ನುತ್ತದೆ. ಅದರಲ್ಲಿ ಒಳ್ಳೆಯ ಅಂಶಗಳಿವೆ. ಇವನ್ನೇ ಕಾಯ್ದೆಗೆ ಏರಿಸಿದರೆ ಅರ್ಧ ಕೆಲಸ ಮುಗಿಯಿತು. ಅರ್ಜಿ ಯಾರು ಕೇಳಬೇಕು, ಎಷ್ಟು ತಿಂಗಳಲ್ಲಿ ತೀರ್ಮಾನಿಸಬೇಕು, ಇಲ್ಲವೆಂದರೆ ಮೇಲ್ಮನವಿ ಎಲ್ಲಿ, ಅಷ್ಟರವರೆಗೆ ಕೊಲ್ಲುವವರ ಕೈಗೆ ಮರಳಿ ಒಪ್ಪಿಸಬಾರದು, ಇಷ್ಟು ಬರೆದರೆ ಸಾಕು. ಎಲ್ಲರನ್ನೂ ಒಪ್ಪಿಕೊಳ್ಳಿ ಎಂದು ಕಾನೂನು ಹೇಳಬೇಕಿಲ್ಲ. ಇಲ್ಲ ಎನ್ನುವಾಗ ಕಾರಣ ಕೊಡಿ ಎಂದರೆ ಆಯಿತು. ಈ ದತ್ತಿಗೊಂದು ಪತ್ರವಿದೆ, ಮೂಲಧನವಿದೆ. ದಾನಿಗಳಿಗೆ ನನ್ನ ಮಾತು ಹಿಡಿಸದಿದ್ದರೂ ಮುಂದಿನ ವರ್ಷದ ಉಪನ್ಯಾಸ ನಿಲ್ಲುವುದಿಲ್ಲ. ನಿರಾಶ್ರಿತರಿಗೆ ನಾವು ಕೊಟ್ಟದ್ದಕ್ಕೆ ಅಂಥ ಪತ್ರವೇ ಇಲ್ಲ.

ಭೂಮಿ ಕೊಟ್ಟ ರಾಜ್ಯವಾಗಿ ಕರ್ನಾಟಕಕ್ಕೆ ಈ ವಿಷಯದಲ್ಲಿ ಮಾತಾಡುವ ಅರ್ಹತೆ ಬೇರೆ ಯಾವ ರಾಜ್ಯಕ್ಕಿಂತಲೂ ಹೆಚ್ಚಿದೆ. ಆದರೆ ನಮ್ಮ ವಿಧಾನಸಭೆಯಲ್ಲಿ ಟಿಬೆಟ್ ಕ್ಯಾಂಪಿನ ಮಾತು ಬಂದರೆ ಅದು ಬಹುತೇಕ ರಸ್ತೆ, ಪ್ರವಾಸೋದ್ಯಮ, ಅಕ್ರಮ ಅಂಗಡಿಗಳ ಬಗ್ಗೆ. ಒಂದು ಕೆಲಸವನ್ನಂತೂ ದೆಹಲಿಯನ್ನು ಕೇಳದೆಯೇ ಮಾಡಬಹುದು. 2014ರಲ್ಲಿ ಕೇಂದ್ರ ಟಿಬೆಟ್ ನಿರಾಶ್ರಿತರ ಪುನರ್ವಸತಿ ನೀತಿ ಹೊರಡಿಸಿತು. ಉದ್ಯೋಗ ಖಾತರಿ, ಪಡಿತರ ಮುಂತಾದ ಯೋಜನೆಗಳನ್ನು ವಿಸ್ತರಿಸಿ, ಅವರು ಕುಳಿತ ಭೂಮಿಗೆ ಗುತ್ತಿಗೆ ಪತ್ರ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಗುತ್ತಿಗೆಯ ಅವಧಿ 20 ವರ್ಷ, ಅಥವಾ ರದ್ದು ಮಾಡುವ ತನಕ, ಯಾವುದು ಮೊದಲೋ ಅದು. ಯಾವ ಕಾರಣಕ್ಕೆ ರದ್ದು ಮಾಡಬಹುದು, ಮಾಡುವ ಮುಂಚೆ ಯಾರ ಮಾತು ಕೇಳಬೇಕು, ಪೌರತ್ವ ಪಡೆದ ಮಗನಿಗೆ ಅಪ್ಪನ ಮನೆಯಲ್ಲಿ ಇರಲು ಅವಕಾಶವಿದೆಯೇ, ಇವನ್ನು ಭೂಮಿಯ ಒಡೆಯನಾದ ರಾಜ್ಯ ಗುತ್ತಿಗೆಯ ಕರಾರಿನಲ್ಲೇ ಬರೆಯಬಹುದು. ಅದೇ ಕಡತದ ಜೊತೆ ನಾಗರಹೊಳೆಯ 3,418 ಕುಟುಂಬಗಳ ಕಡತವನ್ನೂ ಇಟ್ಟುಕೊಂಡು ಬರೆದರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ಸಂಸತ್ತು ಸೇರಬೇಕಿಲ್ಲ, ಕಂದಾಯ ಇಲಾಖೆಯ ಒಬ್ಬ ಕಾರ್ಯದರ್ಶಿ ಮತ್ತು ಓದಿ ಸಹಿ ಹಾಕುವ ಒಬ್ಬ ಮಂತ್ರಿ ಸಾಕು.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ, ಹುಣಸೂರಿನಿಂದ ಬಂದವರು ಮೊದಲು ಕೇಳಲಿ.